ಬಾವಿಯ ತಳದ ಕಲ್ಲು

ನಂಬದಿದ್ದರೆ ಬಿಡಿ. ಕಲ್ಲು ಇಂಗಾಲದ ಡೈಆಕ್ಸೈಡನ್ನು ಎಷ್ಟು ಹೀರುತ್ತದೆ ಎಂದು ಮೂಡಬಿದಿರೆಯ ಲ್ಯಾಬೊಂದರಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಗೇಣುದ್ದದ ಉಕ್ಕಿನ ಪಾತ್ರೆಗೆ ಕಲ್ಲು, ನೀರು ಹಾಕಿ, ಅನಿಲ ತುಂಬಿಸಿ, ಬಿಸಿಯಲ್ಲಿಡುತ್ತೇವೆ.

ಈ ಸಲದ ಕರಿಗಲ್ಲನ್ನು ತಂದವನು ನನ್ನ ಜೊತೆ ಕೆಲಸ ಮಾಡುವ ಶೋಧನ್. ಅದು ವೇಣೂರಿನ ಅವನ ಮನೆಯ ಬಾವಿಯ ತಳದ್ದು. ಹೋದ ಬೇಸಿಗೆಯಲ್ಲಿ ಅವನ ಅಪ್ಪ ಕೆಸರು ತೆಗೆಯಲು, ದೀಪ ಇಳಿಸಿ ನೋಡದೆ ಅದರೊಳಗೆ ಇಳಿದು, ಇದೇ ಅನಿಲಕ್ಕೆ ಉಸಿರುಗಟ್ಟಿ ಸತ್ತಿದ್ದರು.

ಆ ಕಲ್ಲನ್ನು ಪಾತ್ರೆಗೆ ಹಾಕಿದ ಮರುದಿನ ಮಧ್ಯಾಹ್ನ ಒಳಗಿನಿಂದ ಟಣ್ ಟಣ್ ಎಂದು ಕೇಳಿಸಿತು. ಮುಟ್ಟಿ ನೋಡಿದೆ. ಹೀಟರ್ ಉರಿಯುತ್ತಿದ್ದರೂ ಉಕ್ಕು ತಣ್ಣಗಿತ್ತು.

"ಅಪ್ಪ ಬಾಲ್ದಿಗೆ ಕುಟ್ಟುವ ಶಬ್ದ ಮಾರಾಯ್ತಿ," ಎಂದ ಶೋಧನ್. "ಮೇಲೆ ಎಳೀರಿ ಅಂತ ಹೇಳ್ಲಿಕ್ಕೆ ಹಾಗೆ ಕುಟ್ಟುದು. ಆವತ್ತೂ ಕುಟ್ಟಿದ್ರು. ಕೆಸರು ತುಂಬಿರ್ಬೇಕು ಅಂತ ನಾವು ಬಾಲ್ದಿ ಮಾತ್ರ ಎಳೆದದ್ದು."

ಅನಿಲ ಬಿಟ್ಟು, ಕಲ್ಲು ತೆಗೆದು, ಬಾವಿಗೇ ಹಾಕಿ ಬಂದೆವು. ಈಗ ಪಾತ್ರೆ ಖಾಲಿ. ಮಧ್ಯಾಹ್ನವಾದರೆ ಶಬ್ದ ಮಾತ್ರ ಉಂಟು. ಶೋಧನ್ ಮುಚ್ಚಳ ತೆರೆದು ಹಗ್ಗ ಇಳಿಸುತ್ತಾನೆ.

ಬಾವಿಯ ಹಗ್ಗವನ್ನೇ ತಂದಿದ್ದಾನೆ. ಪೂರ್ತಿ ಇಳಿಸಿದರೂ ಅದು ತಳ ಮುಟ್ಟುವುದಿಲ್ಲ.