ಗಿಡ್ಡನ ಖಾಲಿ ಜೇಬು

"ಈ ಗಿಡ್ಡ ಎಲ್ಲಿ ಹೋದ?"

ಅಜ್ಜ ಕೇಳಿದ್ದು ಯಾರನ್ನೂ ಅಲ್ಲ. ಅವರ ಕಣ್ಣು ಮೊಣಕಾಲ ಮೇಲೆ ಹರಡಿದ್ದ ಉದ್ದ ಬಟ್ಟೆಯ ಮೇಲಿತ್ತು. ಬಟ್ಟೆಯ ತುಂಬ ಸಾಲಾಗಿ ಹೊಲಿದ ಜೇಬುಗಳು. ಒಂದೊಂದು ಜೇಬಿನಲ್ಲಿ ಒಂದೊಂದು ಹತಾರ. ಕೊನೆಯ ಪುಟ್ಟ ಜೇಬು ಮಾತ್ರ ಬಾಯಿ ಬಿಟ್ಟುಕೊಂಡು ಖಾಲಿ ಕೂತಿತ್ತು.

ಮನೆಯ ಕೆಳಗೆ ನಿಲ್ಲಿಸಿದ್ದ ಅಪ್ಪನ ವ್ಯಾನಿನ ಪಕ್ಕ ಚಿನ್ಮಯಿ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು.

ಗಿಡ್ಡ ಅಂದರೆ ಹುಡುಗನಲ್ಲ, ಒಂದು ಸ್ಪ್ಯಾನರ್. ಅಜ್ಜ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದಾಗ ದೊಡ್ಡ ಸ್ಪ್ಯಾನರನ್ನು ಅರ್ಧಕ್ಕೆ ಕೊಯ್ದು, ಹಿಡಿ ಬಗ್ಗಿಸಿ ಮಾಡಿದ್ದು. ಯಾವ ಕೈಯೂ ಹೋಗದ ಸಂದಿಗೆ ಗಿಡ್ಡ ಹೋಗುತ್ತಿದ್ದ. ಅಜ್ಜನಿಗೆ ಅವನೆಂದರೆ ಪ್ರಾಣ.

ಕೆಲಸ ಮುಗಿದ ಮೇಲೆ ಅಜ್ಜ ಒಂದೊಂದೇ ಹತಾರವನ್ನು ಒರೆಸಿ ಜೇಬಿಗೆ ಹಾಕುತ್ತ ತಾವೇ ಕಟ್ಟಿದ ಪದ ಹೇಳುತ್ತಿದ್ದರು:

"ಹತ್ತು, ಹನ್ನೆರಡು, ಹದಿಮೂರಪ್ಪ,
ಕತ್ತು ತಿರುಗುವ ಕೊಕ್ಕರೆಯಪ್ಪ,
ಕಡ್ಡಿಯ ಕನ್ನಡಿ, ಕಡ್ಡಿಯ ಕಾಂತ,
ಗಿಡ್ಡನು ಬಂದರೆ ಗಾಡಿಯು ಶಾಂತ!"

ಇವತ್ತು ಪದ 'ಕಾಂತ'ದ ಹತ್ತಿರವೇ ನಿಂತುಬಿಟ್ಟಿತ್ತು.

"ಮಗಾ, ನೀನೆಂತಾದ್ರೂ ತೆಗ್ದಿದ್ಯಾ?"

ಚಿನ್ಮಯಿಯ ತಲೆ ತಾನಾಗಿಯೇ ಅಡ್ಡಡ್ಡ ಆಡಿತು. ಆಡಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

"ಹಾಗಾದ್ರೆ ಮೇಲೆ ಮನೆಯಲ್ಲೇ ಉಳ್ದಿರ್ಬೇಕು. ಬೆಳಿಗ್ಗೆ ಎಣ್ಣೆ ಒರೆಸ್ಲಿಕ್ಕೆ ಕಿಟಕಿ ಹತ್ರ ಇಟ್ಟಿದ್ದೆ ಕಾಣ್ತದೆ." ಅಜ್ಜ ಮಂಡಿ ಹಿಡಿದುಕೊಂಡು ಎದ್ದರು. "ನೋಡಿ ಬರ್ತೇನೆ. ಅಪ್ಪ ಬಂದ್ರೆ ಕೀ ಕೊಡು. ತಡ ಆಯ್ತು."

ವ್ಯಾನಿನ ಕೀ ಕೆಂಪು ದಾರದಲ್ಲಿ ಚಿನ್ಮಯಿಯ ಕೊರಳಲ್ಲಿತ್ತು. ಅದು ಅಜ್ಜನ ಶೆಡ್ಡಿನ ಕಾಲದ ನಿಯಮ. ಇಂಜಿನ್ ಒಳಗೆ ಯಾರ ಕೈ ಹೋಗುತ್ತದೋ, ಕೀ ಅವರ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಯಾರಾದರೂ ತಿಳಿಯದೆ ಸ್ಟಾರ್ಟ್ ಮಾಡಿಬಿಟ್ಟರೆ?

ಬೆಳಿಗ್ಗೆಯಿಂದ ವ್ಯಾನಿನ ಬೆಲ್ಟು ಸಡಿಲವಾಗಿ ಕಿರ್ರೋ ಎನ್ನುತ್ತಿತ್ತು. ಮೂಲೆಯ ಗ್ಯಾರೇಜಿನ ಬಾಪಿದಾ ಕೈ ಮುಗಿದುಬಿಟ್ಟಿದ್ದ. "ಆಜ್ ನಾ, ದಾದು!" ಇವತ್ತು ಆಗದು ಅಜ್ಜ, ಎಂದು. ಇವತ್ತು ಬಂಗಾಳಿಗಳಿಗೆ ವಿಶ್ವಕರ್ಮ ಪೂಜೆ. ಓಣಿಯ ಯಾವ ಮೆಕ್ಯಾನಿಕ್ಕೂ ಹತಾರ ಮುಟ್ಟುವುದಿಲ್ಲ. ಮೈಕಿನಲ್ಲಿ ಹಾಡು, ಆಕಾಶದ ತುಂಬ ಗಾಳಿಪಟ.

"ನಮ್ಮ ಆಯುಧಗಳಿಗೆ ರಜೆ ನವರಾತ್ರಿಗೆ. ಇವತ್ತು ಅವಕ್ಕೆ ಡ್ಯೂಟಿ ಉಂಟು," ಎಂದು ಅಜ್ಜ ನಗುತ್ತ ಸೀಟು ಎತ್ತಿದ್ದರು. ಈ ವ್ಯಾನಿನ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಕತ್ತು ತಿರುಗುವ ಕೊಕ್ಕರೆ ಸ್ಪ್ಯಾನರನ್ನು ತೂರಿಸಿ ಅಜ್ಜ ಮೇಲಿನ ಬೋಲ್ಟ್ ಬಿಗಿ ಮಾಡಿದ್ದರು. ಕೆಳಗಿನದಕ್ಕೆ ಚಿನ್ಮಯಿಯ ಸಣ್ಣ ಕೈ.

"ಸಾಕು ಮಗಾ, ಫಸ್ಟ್ ಕ್ಲಾಸ್!" ಎಂದು ಅವರು ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದರು.

ಚಿನ್ಮಯಿಗೆ ಸಾಕಾಗಿರಲಿಲ್ಲ. ಇನ್ನೊಂದೇ ಸುತ್ತು, ಅಷ್ಟೇ. ಕೇಳದೆ ಗಿಡ್ಡನನ್ನು ತೆಗೆದು ಕೈ ಇಳಿಸಿದ್ದಳು. ಬೆರಳಲ್ಲಿ ಗ್ರೀಸ್ ಇತ್ತು. ಟಣ್! ಮೈಕಿನ ಹಾಡಿನಲ್ಲಿ ಆ ಸದ್ದು ಅವಳೊಬ್ಬಳಿಗೇ ಕೇಳಿಸಿತ್ತು.

ಈಗ ಅಜ್ಜನ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಮಾಯವಾಯಿತು. ಚಿನ್ಮಯಿ ಕಡ್ಡಿಯ ಕನ್ನಡಿಯನ್ನು ಎಳೆದು ಸಂದಿಗೆ ಇಳಿಸಿದಳು. ಎಲ್ಲ ಕಪ್ಪು, ಎಲ್ಲ ಎಣ್ಣೆ. ಆಮೇಲೆ ಏನೋ ಮಿಂಚಿತು. ಗಿಡ್ಡ! ಬೆಲ್ಟಿಗೆ ಒರಗಿಕೊಂಡು ಮಲಗಿದ್ದ.

ಕಾಂತದ ಕಡ್ಡಿ ಇಳಿಸಿದಳು. ಅದು ಹೋಗಿ ಪಕ್ಕದ ಕಬ್ಬಿಣಕ್ಕೆ ಕಚ್ಚಿಕೊಂಡಿತು. ಬಿಡಿಸಿ ಮತ್ತೆ ಇಳಿಸಿದಳು. ಈ ಸಲ ಗಿಡ್ಡ ಅಂಟಿದ. ಮೆಲ್ಲಗೆ ಮೇಲೆ ಬಂದ. ಪ್ಲೀಸ್, ಪ್ಲೀಸ್...

ಪೈಪಿಗೆ ತಾಗಿ ಜಾರಿ ಮತ್ತೆ ಟಣ್. ಈಗ ಕನ್ನಡಿಯಲ್ಲಿ ಅವನ ಬಾಲವಷ್ಟೇ ಕಾಣುತ್ತಿತ್ತು. ತಲೆ ಬೆಲ್ಟಿನ ಕೆಳಗೆ ತೂರಿತ್ತು. ಇನ್ನು ಇಂಜಿನ್ ತಿರುಗಿದರೆ ಬೆಲ್ಟು ಅವನನ್ನು ಎತ್ತಿ ಒಗೆಯುತ್ತದೆ.

"ಆಯ್ತಾ, ಪುಟ್ಟಾ?"

ಅಪ್ಪ! ಎರಡೂ ಕೈಯಲ್ಲಿ ಸಾಂಬಾರಿನ ದೊಡ್ಡ ಕ್ಯಾನು. ಹಿಂದೆ ಅನ್ನದ ಡಬ್ಬಗಳು ಆಗಲೇ ಏರಿದ್ದವು. ಸಾಲ್ಟ್ ಲೇಕ್ ಬಡಾವಣೆಯ ಹೊಸ ಕಂಪ್ಯೂಟರ್ ಕಂಪನಿಗೆ ಇವತ್ತು ಮೊದಲ ಊಟ, ನೂರಿಪ್ಪತ್ತು ಜನಕ್ಕೆ. ಅದಕ್ಕಾಗಿ ಅಪ್ಪ ಎರಡು ತಿಂಗಳು ಅಲೆದಿದ್ದರು. ಒಂದು ಗಂಟೆಗೆ ಊಟ ತಲುಪದಿದ್ದರೆ ನಾಳೆಯಿಂದ ಬೇಡ ಎಂದು ಆ ಮ್ಯಾನೇಜರ್ ಹೇಳಿಬಿಟ್ಟಿದ್ದನಂತೆ.

"ಬೆಲ್ಟ್ ಟೈಟ್ ಆಯ್ತಾ ಕೇಳಿದ್ದು."

"ಆಯ್ತು."

"ಅಜ್ಜ ಎಲ್ಲಿ?"

"ಮೇಲೆ."

"ಮತ್ತೆಂತಕ್ಕೆ ಮುಖ ಹಾಗೆ ಮಾಡಿದ್ದು? ಏನಾದ್ರೂ ಬೀಳ್ಸಿದ್ಯಾ, ಹೋದ ಸಲದ ಹಾಗೆ?" ಅಪ್ಪ ನಕ್ಕರು.

ಹೋದ ಸಲ ಅವಳು ಬೀಳಿಸಿದ್ದು ಒಂದು ನಟ್ಟು. ಆಗ ಅಪ್ಪ ನಕ್ಕಿರಲಿಲ್ಲ. "ಇನ್ನೊಂದ್ಸಲ ಬೀಳ್ಸಿದ್ರೆ ಇಂಜಿನ್ ಹತ್ರ ಬರುದೇ ಬೇಡ," ಎಂದಿದ್ದರು. ಅಪ್ಪ ಹೇಳಿದರೆ ಹೇಳಿದ ಹಾಗೆಯೇ. ಅಜ್ಜನ ಪಕ್ಕದಲ್ಲಿ ಕೂರುವಂತಿಲ್ಲ. ಕೊಕ್ಕರೆ ಇಲ್ಲ, ಕನ್ನಡಿ ಇಲ್ಲ, ಕೊರಳಲ್ಲಿ ಕೀ ಇಲ್ಲ.

ಚಿನ್ಮಯಿ ಕನ್ನಡಿಯ ಕಡ್ಡಿಯನ್ನು ಬೆನ್ನ ಹಿಂದೆ ಮಾಡಿದಳು. ಒಂದು ವೇಳೆ ಏನೂ ಆಗದಿದ್ದರೆ? ಗಿಡ್ಡ ದಾರಿಯಲ್ಲೇ ಕೆಳಗೆ ಬಿದ್ದುಹೋದರೆ? ಅಜ್ಜ ಮೂರು ದಿನ ಹುಡುಕಿ ಸುಮ್ಮನಾಗಬಹುದು.

ಧಪ್! ಅಪ್ಪ ಕ್ಯಾನುಗಳನ್ನು ಹಿಂದೆ ಇಟ್ಟು ಬಂದು ಸೀಟು ಇಳಿಸಿ ಕೊಂಡಿ ಹಾಕಿದರು. ಅದರ ಮೇಲೇ ಹತ್ತಿ ಕೂತರು. ಜೇಬಿನಿಂದ ಕರ್ಚೀಫ್ ತೆಗೆದು ಕತ್ತಿನ ಬೆವರು ಒರೆಸಿಕೊಂಡರು. ಇಸ್ತ್ರಿ ಮಾಡಿದ ಹೊಸ ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು.

ಚಿನ್ಮಯಿ ಅಪ್ಪನ ಮುಖ ನೋಡಲಿಲ್ಲ. ಸೀಟು ನೋಡಿದಳು. ಅದರ ಕೆಳಗೆ ಒಂದು ತಗಡು. ತಗಡಿನ ಕೆಳಗೆ ಬೆಲ್ಟು. ಬೆಲ್ಟಿನ ಬಾಯಲ್ಲಿ ಗಿಡ್ಡ.

ಮೇಲಿನಿಂದ ಅಜ್ಜನ ದನಿ ಕೇಳಿಸಿತು. "ಕಿಟಕಿ ಹತ್ರವೂ ಇಲ್ಲ ಮಾರಾಯ್ತಿ! ಇನ್ನು ಮಂಚದ ಕೆಳಗೆ ನೋಡ್ತೇನೆ." ಆ ಮಂಡಿ ಹಿಡಿದುಕೊಂಡು ಅಜ್ಜ ಮಂಚದ ಕೆಳಗೆ ಬಗ್ಗುವುದು ಅವಳ ಕಣ್ಣಿಗೆ ಕಟ್ಟಿತು.

"ಬೇಗ ಪುಟ್ಟಾ, ಹನ್ನೊಂದೂವರೆ ಆಯ್ತು." ಅಪ್ಪ ಅಂಗೈ ಚಾಚಿದರು. "ಕೀ ಕೊಡು."

ಚಿನ್ಮಯಿ ಕೊರಳ ದಾರಕ್ಕೆ ಕೈ ಹಾಕಿದಳು. ಕೀ ಬೆಚ್ಚಗಿತ್ತು. ಅದನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು.

"ಗಿಡ್ಡ ಒಳಗೆ ಉಂಟು ಅಪ್ಪ. ನಾನೇ ಬೀಳ್ಸಿದ್ದು. ಕೀ ಕೊಡುದಿಲ್ಲ."