ಮೊದಲು ಊಟ, ಆಮೇಲೆ ಎಲ್ಲ

"ಮೊದ್ಲ ಉಣ್ರಿ! ಆಮ್ಯಾಲ ಮಾತು!"

ಮೊಬೈಲ್ ಮಾತಿನಲ್ಲಿ ಮುಳುಗಿದ್ದ ಮುತ್ತುರಾಜ ಬೆಚ್ಚಿಬಿದ್ದ. ಆ ಗಾಬರಿಗೆ ಇನ್ನೊಂದು ಕೈಯಲ್ಲಿದ್ದ ಕ್ಯಾಮೆರಾ ಕ್ಲಿಕ್ ಎಂದೇಬಿಟ್ಟಿತು!

ಎದುರಿಗೆ ದ್ರಾಕ್ಷಾಯಿಣಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದರ ಬೆರಳು ನೇರ ಅವನ ಮೂಗಿಗೆ. ಕೆನ್ನೆಯ ಮೇಲೆ ಜೋಳದ ಹಿಟ್ಟು.

ಅದು 2007. ಬಾದಾಮಿ ಕಡೆಯ ದ್ರಾಕ್ಷಾಯಿಣಿ ಮಣಿಪಾಲದ ಇಮೆಲ್ಡಾ ಬಾಯಿಯ ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗದಗಿನ ಮುತ್ತುರಾಜ ಪಕ್ಕದ ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದ. ಮೆಸ್ಸಿನ ಬೋರ್ಡಿಗೆ ಅವಳ ಫೋಟೋ ತೆಗೆಯಲು ಬಂದವನು, ತಟ್ಟೆಯ ಬಿಸಿ ರೊಟ್ಟಿಯನ್ನು ತಣ್ಣಗಾಗಲು ಬಿಟ್ಟಿದ್ದಕ್ಕೆ ಬೈಸಿಕೊಂಡ.

ಬೈಸಿಕೊಂಡು ಇಷ್ಟು ಸುಖಪಟ್ಟ ಗಂಡಸು ಬೇರೆ ಇರಲಿಕ್ಕಿಲ್ಲ ಬಿಡಿ! ಊರು ಬಿಟ್ಟ ಆರು ವರ್ಷಗಳಲ್ಲಿ 'ಉಣ್ಣು' ಎಂದು ಅವನನ್ನು ಯಾರೂ ಗದರಿಸಿರಲಿಲ್ಲ.

ಬೋರ್ಡಿಗೆ ಬೇರೆ ಚೆಂದದ ಫೋಟೋ ತೆಗೆದುಕೊಟ್ಟ. ಆ ಮೊದಲನೆಯದನ್ನು ಮಾತ್ರ ಕೌಂಟರಿನ ಕಂಪ್ಯೂಟರಿಗೆ ವಾಲ್‌ಪೇಪರ್ ಮಾಡಿಕೊಂಡ.

ಎಡವಟ್ಟಾದದ್ದೇ ಅಲ್ಲಿ. ಕೆಫೆ ತುಂಬಿದಾಗ ಗಿರಾಕಿಗೆ ತನ್ನ ಕಂಪ್ಯೂಟರನ್ನೇ ಬಿಟ್ಟುಕೊಡುವುದು ಅವನ ಅಭ್ಯಾಸ. ಹಾಗೆ ಕೂತ ಮೆಡಿಕಲ್ ವಿದ್ಯಾರ್ಥಿನಿಯೊಬ್ಬಳು, ಮೆಸ್ಸಿನಲ್ಲಿ ದಿನಾ ಬೈಸಿಕೊಳ್ಳುವವಳೇ, ಆ ಫೋಟೋವನ್ನು ಗೆಳತಿಯರಿಗೆ ಮೇಲ್ ಮಾಡಿದಳು. ಕೆಳಗೆ ಬರೆದಳು: 'ಮೊದಲು ಊಟ, ಆಮೇಲೆ ಅನಾಟಮಿ!'

ಒಂದೇ ವಾರ... ಆಗಿನ ಜಾಲತಾಣ ಆರ್ಕುಟ್ ತುಂಬ ಅವಳೇ! 'ಮೊದಲು ಊಟ, ಆಮೇಲೆ ಇಂಟರ್‌ವ್ಯೂ.' 'ಮೊದಲು ಊಟ, ಆಮೇಲೆ ಬ್ರೇಕಪ್.' ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಬ್ಲೂಟೂತ್ ಹಿಡಿದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕಾಪು, ಕಾರ್ಕಳ ಸುತ್ತಿತು, ದುಬೈ ನೋಡಿತು. ಕೊನೆಗೆ ಊರಿನಲ್ಲಿದ್ದ ಅವಳ ಅಣ್ಣ ಯಮನೂರನ ಕೈಗೂ ಸಿಕ್ಕಿತು.

"ಮಂದಿ ನಗಾಕತ್ತಾರ. ದುಡದದ್ದು ಸಾಕು, ನಾಳೆ ಬಸ್ ಹತ್ತು" ಎಂದ ಅಣ್ಣ, ಫೋನಿನಲ್ಲಿ.

ದ್ರಾಕ್ಷಾಯಿಣಿ ಕೆಫೆಗೆ ನುಗ್ಗಿದಳು. ಕೌಂಟರಿನ ಕಂಪ್ಯೂಟರಿನಲ್ಲಿ ಅವಳದೇ ಮುಖ!

"ನೀವ ಏನ್ರಿ? ನಮ್ಮ ಕಡೆಯವರು ಅಂತ ನಂಬಿದ್ದೆ... ನನ್ನ ನಗೆಪಾಟಲು ಮಾಡಿದ್ರಿ!"

ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಅವನು ಹೇಳಲಿಲ್ಲ.

"ಬರದದ್ದು ನಾ ಅಲ್ರಿ. ಆದ್ರ ಫೋಟೋ ಇಲ್ಲಿಂದನ ಹೋಗೇತಿ. ತಪ್ಪು ನಂದು."

ಅಳುತ್ತಲೇ ಬ್ಯಾಗು ತುಂಬಿದಳು. ಊರವರು ನಕ್ಕದ್ದಕ್ಕಿಂತ, ಅವನು ಅಂಥವನಾದನಲ್ಲ ಎಂಬುದೇ ಅವಳನ್ನು ಸುಡುತ್ತಿತ್ತು.

ಮರುದಿನ ಬೆಳಿಗ್ಗೆ ಇಮೆಲ್ಡಾ ಬಾಯಿ ಬಾಗಿಲಲ್ಲಿ ಅಡ್ಡ ನಿಂತರು.

"ಎಂತ ಮಾರಾಯ್ತಿ, ಹೋಗುವುದಾದರೆ ಹೋಗು. ಆದರೆ ಅವನು ಆಗಿನಿಂದ ಹೊರಗೆ ನಿಂತಿದ್ದಾನೆ. ಕೈಯಲ್ಲಿ ಎಂತದೋ ಕಾಗದ ಉಂಟು. ಓದಿ ಹೋಗು, ಆಯ್ತಾ?"

ಫೋಟೋದ ಕೆಳಗೆ ಜನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದನ್ನೆಲ್ಲ ಅವನು ಅವಳಿಗಾಗಿ ಕನ್ನಡದಲ್ಲಿ ಬರೆದು ತಂದಿದ್ದ. ಒಟ್ಟು ಹನ್ನೊಂದು ಹಾಳೆ! ಅವಳು ಹೊರಗೆ ಬಂದು ಇಸಿದುಕೊಂಡು, ಮೊದಲ ಹಾಳೆ ನೋಡಿದಳು.

'ಅಕ್ಕಾ, ಅಮ್ಮ ತೀರಿಕೊಂಡ ಮೇಲೆ ನನಗೆ ಊಟವೇ ಸೇರುತ್ತಿರಲಿಲ್ಲ. ನಿಮ್ಮ ಫೋಟೋ ನೋಡಿ ನಗು ಬಂತು. ಎದ್ದು ಹೋಗಿ ಅನ್ನಕ್ಕಿಟ್ಟೆ. ನೀವು ಯಾರೋ ಗೊತ್ತಿಲ್ಲ, ದೇವರು ಚೆನ್ನಾಗಿಟ್ಟಿರಲಿ. ರಿಝಾನಾ, ಉಚ್ಚಿಲ.'

ಮೂರು ಸಲ ಓದಿದಳು. ಅಕ್ಷರಗಳು ಮಂಜಾದವು.

'ರೊಟ್ಟಿ ಬಡಿಯುವ ನನ್ನಿಂದ ಯಾವುದೋ ಮನೆಯಲ್ಲಿ ಒಲೆ ಹೊತ್ತಿತೇ? ದೇವರೇ, ಇಷ್ಟು ದೊಡ್ಡದನ್ನು ನನಗೆ ಕೊಟ್ಟೆಯಾ...' ಮನಸ್ಸು ತುಂಬಿ ಬಂತು. ನಗುವ ಮಂದಿಯನ್ನಷ್ಟೇ ಕಂಡಿದ್ದಳು. ಕೈಮುಗಿದವರನ್ನು ತೋರಿಸಿದವನು ಇವನೇ!

"ಆ ಫೋಟೋ ಯಾಕ ಇಟ್ಕೊಂಡಿದ್ರಿ?"

"ದಿನಾ ನೋಡಾಕ..." ಅವನು ತಲೆ ತಗ್ಗಿಸಿದ. "ಕೇಳದ ಇಟ್ಕೊಂಡದ್ದು ತಪ್ಪು. ನೀವಂದ್ರ ನಂಗ ಭಾಳ ಇಷ್ಟ. ಅದು ಮಾತ್ರ ತಪ್ಪಲ್ರಿ."

ಅವಳು ಕಣ್ಣೊರೆಸಿಕೊಂಡು ಹಾಳೆಗಳನ್ನು ಮಡಚಿ ಬ್ಯಾಗಿಗೆ ಸೇರಿಸಿದಳು.

"ಇವನ್ನ ಅಣ್ಣಗ ಓದಿ ತೋರಸ್ತೀನಿ. ಊರಿಗೆ ಹೊಂಟೀನಿ."

ಅವನ ಮುಖ ಬಾಡಿತು.

"ನೀವೂ ಬರ್ರಿ" ಎಂದಳು ಮೆಲ್ಲಗೆ. "ಈಗ ನನ್ನ ಮುಂದ ಅಂದದ್ದನ್ನ ನಮ್ಮವ್ವನ ಮುಂದ ಯಾರು ಹೇಳಬೇಕು?"

"ಈಗನ?!"

"ಹತ್ತಕ್ಕ ಬಸ್ ಐತಿ."

"ಕೆಫೆ ಬಾಗಲಾ ಹಾಕಿ ಬರ್ತೀನಿ... ಹೋಗಿಬಿಡಬ್ಯಾಡ್ರಿ!"

"ಇಲ್ಲ" ಎಂದಳು, ಬ್ಯಾಗನ್ನು ಕೆಳಗಿಟ್ಟು. "ನೀವಿಲ್ದ ಹತ್ತಂಗಿಲ್ಲ."