ಅಣ್ಣನ ಹೆಸರಿನ ಸರದಿ

“ಸತ್ತವರು ತಿಂಗಳು ತಿಂಗಳು ಬಂದು ಆಟೋ ಖರ್ಚು ಇಸ್ಕೊಂಡು ಹೋಗ್ತಾರಾ, ಮನೋಹರ್?”

ಪ್ರತಿಮಾ ವೋಚರನ್ನು ಅವನ ಮುಂದೆ ಹಿಡಿದಳು. ಅದರ ಮೇಲೆ ಅವಳ ಅಣ್ಣನ ಹೆಸರು... ಅನಂತರಾಜು, ಕೂಟಗಲ್.

ಅಣ್ಣ ಹೋಗಿ ಎರಡು ವರ್ಷವಾಗಿತ್ತು! ಅವನು ಔಷಧಿ ತಗೊಳ್ಳುತ್ತಿದ್ದ ರಾಮನಗರದ ಈ ಮಾನಸಿಕ ಆರೋಗ್ಯ ಟ್ರಸ್ಟಿಗೆ ಅವಳು ಸಂಬಳವಿಲ್ಲದ ಖಜಾಂಚಿಯಾಗಿ ಬಂದದ್ದೇ ಅವನ ನೆನಪು ಬೆನ್ನು ಬಿಡದೆ ಕಾಡಿದ್ದಕ್ಕೆ.

ಬಂದ ಮೇಲೆ ಕಾರ್ಯದರ್ಶಿ ಮನೋಹರ್ ಪರಿಚಯವಾದ. ತಿಂಗಳಿಗೊಮ್ಮೆ ನಡೆಯುವ ಶಿಬಿರದ ದಿನ ಸಂಜೆ, ರೋಗಿಗಳೆಲ್ಲ ಹೋದ ಮೇಲೆ, ಅವಳು ಲೆಕ್ಕ ನೋಡಲು ಬರುತ್ತಿದ್ದಳು. ಲೆಕ್ಕ ನೋಡೋಕೆ ಅಷ್ಟುದ್ದ ಮಲ್ಲಿಗೆ ಮುಡಿಯೋದು ಯಾಕೋ!

ಇವತ್ತು ಶಿಬಿರದ ಜೊತೆಗೆ ಮಧ್ಯಾಹ್ನ ಬೋರ್ಡ್ ಮೀಟಿಂಗೂ ಇತ್ತು. ಇಷ್ಟು ದಿನ ಒಟ್ಟು ಮೊತ್ತ ಮಾತ್ರ ನೋಡುತ್ತಿದ್ದವಳು, ಕೆಲಸಕ್ಕೆ ರಜೆ ಹಾಕಿ ಬೆಳಿಗ್ಗೆಯೇ ಬಂದು ಮಹಡಿಯ ಆಫೀಸಿನಲ್ಲಿ ವೋಚರ್ ಕಟ್ಟು ಬಿಚ್ಚಿದ್ದಳು.

“ಕದಿಯೋಕೆ ನನ್ನ ಅಣ್ಣನ ಹೆಸರೇ ಬೇಕಿತ್ತಾ?”

ಅವನ ಮುಖ ಬಿಳಿಚಿತು. “ಮೀಟಿಂಗಲ್ಲಿ ನಾನೇ ಕಳ್ಳ ಅಂತ ಬರೆಸಿ, ರಾಜೀನಾಮೆ ಕೊಡ್ತೀನಿ. ಆ ಹೆಸರು ಮಾತ್ರ ಓದ್ಬೇಡಿ.”

“ಯಾಕೆ?”

“ಮಾತು ಕೊಟ್ಟಿದ್ದೀನಿ, ಪ್ರತಿಮಾ.”

‘ಯಾರಿಗೆ... ಅಣ್ಣನಿಗಾ?’ ಅವಳು ವೋಚರನ್ನು ಮತ್ತೆ ತಿರುವಿದಳು.

ಶಿಬಿರಕ್ಕೆ ಬಂದದ್ದಕ್ಕೆ ಸಾಕ್ಷಿಯಾಗಿ ವೋಚರಿಗೆ ಬಸ್ ಟಿಕೆಟ್ ಪಿನ್ ಮಾಡುವುದು ಅಲ್ಲಿಯ ಪದ್ಧತಿ. ಅವಳ ಕಣ್ಣು ಆಗ ಅದರ ಮೇಲೆ ಬಿತ್ತು. ಕೂಟಗಲ್‌ನಿಂದ ರಾಮನಗರ. ದರ ಸೊನ್ನೆ.

ಹೆಂಗಸರ ಫ್ರೀ ಟಿಕೆಟ್!

ಅಷ್ಟರಲ್ಲಿ ಕೆಳಗಿನ ಹಾಲಿನಿಂದ ನರ್ಸ್ ಶೀಬಾಳ ದನಿ ಕೇಳಿತು. “ಅನಂತರಾಜು!”

ಪ್ರತಿಮಾ ಮೆಟ್ಟಿಲು ಓಡಿ ಇಳಿದಳು.

“ಬಂದೆ ಕಣವ್ವ...” ಎನ್ನುತ್ತಾ ಬೆಂಚಿನಿಂದ ಎದ್ದವರು ಕಾವೇರಮ್ಮ. ಅವಳ ಹೆತ್ತವ್ವ! ಅಣ್ಣನ ಫೈಲನ್ನು ಎದೆಗೆ ಅವಚಿಕೊಂಡಿದ್ದರು.

“ಅವ್ವಾ...!”

“ಆ ಮನೋಹರಪ್ಪ ಯೋಳ್ಬುಟ್ನಾ?”

“ಇಲ್ಲವ್ವ. ಕಳ್ಳ ಅಂತ ನಾನು ಬೈದ್ರೂ ಹೇಳ್ಲಿಲ್ಲ.”

ಕಾವೇರಮ್ಮ ಮತ್ತೆ ಬೆಂಚಿನ ಮೇಲೆ ಕೂತರು. “ನಿಮ್ಮಣ್ಣ ಹೋದ್ಮ್ಯಾಕೆ ನಂಗೂ ನಿದ್ದೆ ಇಲ್ಲ ಮಗಾ. ಅವನೇ ಬಾಗ್ಲು ತಟ್ಟ್ದಂಗಾಯ್ತದೆ... ಡಾಕ್ಟ್ರಿಗೆ ಎಲ್ಲಾ ಗೊತ್ತೈತೆ. ನನ್ನೆಸ್ರು ಬರುಸ್ಬುಟ್ರೆ, ಆ ಮನೇಲಿ ಎಲ್ರಿಗೂ ತಲೆ ಸರಿಯಿಲ್ಲ ಅಂದ್ಬುಟ್ಟು ನಿನ್ನ ಮದ್ವೆ ಆಗಾಕೆ ಯಾರು ಒಪ್ಕತಾರೆ? ಅದ್ಕೇ ಅವನೆಸ್ರಲ್ಲಿ ಬತ್ತೀನಿ. ಇಲ್ಲಾದ್ರೂ ಅವನೆಸ್ರು ಕೂಗ್ತಾರೆ... ಒಸಿ ಸಮಾಧಾನ ಆಯ್ತದೆ.”

ಪ್ರತಿಮಾ ಅವ್ವನನ್ನು ತಬ್ಬಿಕೊಂಡು ಬಿಕ್ಕಿದಳು. ಎರಡು ವರ್ಷದಿಂದ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಅತ್ತಿದ್ದರು.

ಹಿಂದೆಯೇ ಮನೋಹರ್ ಬಂದು ನಿಂತಿದ್ದ.

“ಏನೇನೋ ಅಂದ್ಬಿಟ್ಟೆ... ಕ್ಷಮಿಸಿ,” ಎಂದಳು ಅವನಿಗೆ.

ಅವನು ತಲೆಯಾಡಿಸಿ ಕಾವೇರಮ್ಮನ ಮುಂದೆ ಮಂಡಿಯೂರಿದ. “ಅಮ್ಮ, ನಿಮ್ಮ ಹೆಸರಲ್ಲೇ ಫೈಲ್ ಮಾಡಿಸೋಣ. ನಿಮ್ಮ ಮಗಳನ್ನ ಯಾರೂ ಒಪ್ಪಲ್ಲ ಅನ್ನೋ ಭಯ ಬೇಡ. ಒಪ್ಪಿದವನು ಇಲ್ಲೇ ಇದ್ದೀನಿ.”

ಕಾವೇರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಹೂಂ ಎಂದು ತಲೆದೂಗಿದರು.

“ಬೋರ್ಡಿಗೆ ನಾನೇ ಹೇಳ್ತೀನಿ,” ಎಂದಳು ಪ್ರತಿಮಾ.

ಶೀಬಾ ತಂದ ಹೊಸ ಫೈಲಿನ ಮೇಲೆ ಮನೋಹರ್ ಬರೆದ. ಕಾವೇರಮ್ಮ, ಕೂಟಗಲ್.

“ಇನ್ನೊಂದು ಫೈಲ್ ತೆಗೀರಿ,” ಎಂದಳು ಪ್ರತಿಮಾ.

“ಯಾರಿಗೆ?”

“ನನಗೆ...” ಅವಳು ಅವ್ವನ ಪಕ್ಕ ಕೂತಳು. “ಅಣ್ಣ ಹೋದ ದಿನ ಕೊನೇದಾಗಿ ಫೋನ್ ಮಾಡಿದ್ದು ನನಗೇ. ಆಮೇಲೆ ಮಾತಾಡ್ತೀನಿ ಅಂತ ಕಟ್ ಮಾಡಿದೆ. ಇದನ್ನ ಯಾರಿಗೂ ಹೇಳಿಲ್ಲ... ಈಗಲೂ ಒಪ್ತೀರಾ, ಮನೋಹರ್?”

ಕಾವೇರಮ್ಮ ಮಗಳ ಕೈಯನ್ನು ಮಡಿಲಿಗೆ ಎಳೆದುಕೊಂಡರು.

ಮನೋಹರ್ ಪೆನ್ನು ಕೆಳಗಿಡಲಿಲ್ಲ.

“ಪೂರ್ತಿ ಹೆಸರು ಹೇಳಿ,” ಎಂದ ಮೆಲ್ಲಗೆ. “ಜೊತೆಗೆ ಬರುವವರು ಅನ್ನೋ ಕಡೆ ನನ್ನ ಹೆಸರು ಬರ್ಕೊಳ್ತೀನಿ.”